ಮೈನಸ್ ಒಂದೂಕಾಲು

ಹಾಸನದ ಕಣ್ಣಿನ ಚಿಕಿತ್ಸಾಲಯವೊಂದರಲ್ಲಿ ಹನ್ನೊಂದು ವರ್ಷಗಳಿಂದ ದೃಷ್ಟಿ ಪರೀಕ್ಷೆ ಮಾಡುತ್ತಿರುವ ನಾನು, ಒಬ್ಬ ಹುಡುಗನಿಗೆ ಅರ್ಧ ನಿಮಿಷದಲ್ಲಿ ಕೊಟ್ಟ ಉತ್ತರವನ್ನು ತಿದ್ದಲು ಆರು ತಿಂಗಳು ಕಾಯಬೇಕಾಯಿತು. ಅರಕಲಗೂಡಿನ ಕಡೆಯಿಂದ ತಂದೆಯೊಂದಿಗೆ ಬಂದಿದ್ದ ಆ ಒಂಬತ್ತನೆಯ ತರಗತಿಯ ಹುಡುಗ, ಟ್ರಯಲ್ ಫ್ರೇಮಿಗೆ ಮೈನಸ್ ಒಂದೂಕಾಲರ ಗಾಜು ಕೂರಿಸಿದೊಡನೆ ಪಟ್ಟಿಯ ಕೊನೆಯ ಸಾಲನ್ನು ತಡವರಿಸದೆ ಓದಿ, "ಹಾಗಾದರೆ ನಾನು ಗಗನಯಾತ್ರಿ ಆಗೋಕಾಗಲ್ವಾ ಸಾರ್?" ಎಂದು ಕೇಳಿದ. ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿರುವ ಊರಿನಲ್ಲಿ ಇಂಥ ಆಸೆ ಅಪರೂಪವೇನಲ್ಲ. ಹೊರಗೆ ಜನ ಕಾಯುತ್ತಿದ್ದರು. "ಕನ್ನಡಕ ಬಂದಮೇಲೆ ಅದೆಲ್ಲ ಆಗಲ್ಲ ಕಣಪ್ಪ" ಎಂದುಬಿಟ್ಟೆ.

ರಾತ್ರಿ ಕುಳಿತು ಓದಿದಾಗ ನನ್ನ ಮಾತು ಅರ್ಧ ಮಾತ್ರ ನಿಜವೆಂದು ತಿಳಿಯಿತು. ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಶುಭಾಂಶು ಶುಕ್ಲಾ ಅವರಲ್ಲೊಬ್ಬರು. ಯುದ್ಧವಿಮಾನ ಹಾರಿಸುವ ಆ ದಾರಿಯಲ್ಲಿ ಸಮೀಪದೃಷ್ಟಿಗೆ, ಅಂದರೆ ಕಣ್ಣುಗುಡ್ಡೆ ತುಸು ಉದ್ದವಾಗಿ ದೂರದ್ದು ಮಸುಕಾಗುವ ಮೈನಸ್ ಪವರಿಗೆ, ರಿಯಾಯಿತಿ ಬಹಳ ಕಡಿಮೆ, ಬಣ್ಣಗಳನ್ನು ಗುರುತಿಸುವ ಶಕ್ತಿಯೂ ಚೊಕ್ಕವಾಗಿರಬೇಕು. ಆದರೆ ಅಮೆರಿಕದ ಪೌರರನ್ನಷ್ಟೇ ಆರಿಸಿಕೊಳ್ಳುವ ನಾಸಾದಲ್ಲಿ ಕನ್ನಡಕ ಹಾಕಿದಾಗ ಎರಡೂ ಕಣ್ಣು ನಮ್ಮ ಲೆಕ್ಕದ 6/6, ಅಂದರೆ ಸಹಜ ದೃಷ್ಟಿ, ಮುಟ್ಟಿದರೆ ಸಾಕು, 2007ರಿಂದ ಲೇಸರ್ ಚಿಕಿತ್ಸೆ ಮಾಡಿಸಿಕೊಂಡವರಿಗೂ ಅವಕಾಶವಿದೆ. ಅಲ್ಲಿ ಹೆಚ್ಚು ಜನರನ್ನು ಸೋಸುವುದು ಕಣ್ಣಲ್ಲ, ವಿಜ್ಞಾನ ಅಥವಾ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಮತ್ತು ವರ್ಷಗಳ ವೃತ್ತಿ ಅನುಭವ.

ಕಣ್ಣಿನವನಾದ ನನಗೆ ಗೊತ್ತಿರಬೇಕಾಗಿದ್ದ, ಗೊತ್ತಿರದಿದ್ದ ಸಂಗತಿ ಇನ್ನೊಂದಿತ್ತು. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ದ್ರವ ತಲೆಯತ್ತ ಸರಿಯುವುದರಿಂದ, ತಿಂಗಳುಗಟ್ಟಲೆ ಅಲ್ಲಿದ್ದ ಕೆಲವರ ಕಣ್ಣುಗುಡ್ಡೆಯ ಹಿಂಭಾಗ ತುಸು ಚಪ್ಪಟೆಯಾಗಿ, ದೃಷ್ಟಿನರದ ತುದಿ ಊದಿಕೊಂಡು, ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೆಂದೇ ಪ್ಲಸ್ ಪವರಿನ ಕನ್ನಡಕವನ್ನು ಮೊದಲೇ ಮಾಡಿಸಿ ಜೊತೆಗೆ ಕಳುಹಿಸುತ್ತಾರೆ. ಅಂದರೆ ಕನ್ನಡಕವಿದ್ದರೆ ಹೋಗಲಾಗದೆಂದು ನಾನು ಹೇಳಿದ್ದ ಜಾಗಕ್ಕೆ ಕನ್ನಡಕ ಹಿಂದಿನಿಂದಲೂ ಹೋಗುತ್ತಲೇ ಇತ್ತು.

ಹುಡುಗ ಮರುತಪಾಸಣೆಗೆ ಬಂದಾಗ ಪವರ್ ಒಂದೂಮುಕ್ಕಾಲಿಗೆ ಏರಿತ್ತು. ಬಣ್ಣದ ಚುಕ್ಕಿಗಳ ಪುಸ್ತಕ ತೆರೆದಿಟ್ಟೆ. ಎಲ್ಲ ಅಂಕಿಗಳನ್ನೂ ಸರಿಯಾಗಿ ಓದಿದ. ಬಳಿಕ ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು, ಹಿಂದೆ ತಪ್ಪು ಹೇಳಿದ್ದೆನೆಂದು ಒಪ್ಪಿಕೊಂಡು, ಇಷ್ಟನ್ನೂ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಗುಡ್ಡೆ ಚಪ್ಪಟೆ ಆದರೆ ನನ್ನ ಮೈನಸ್ ಅಲ್ಲಿ ಕಡಿಮೆ ಆಗಬೇಕಲ್ವಾ ಸಾರ್?" ಎಂದ. ಲೆಕ್ಕ ಸರಿಯಾಗಿಯೇ ಇತ್ತು.