ಹೊನ್ನೆ ಮರದ ನಂಬರು

ನೀರಿನ ಪೈಪು ನೋಡಲು ಗುಡ್ಡ ಹತ್ತಿದ್ದ ಭಾವ ಬೆಳಿಗ್ಗೆ ಏಳು ಗಂಟೆಗೇ ಫೋನ್ ಮಾಡಿದ. “ಶಿಬಿರದ ಬೆಟ್ಟದಲ್ಲಿ ಮರಕ್ಕೆಲ್ಲ ನಂಬರ್ ಹೊಡದ್ದ. ಬೇಗ ಬಾ.” ಕೊನೆಕೊಯ್ಲು ಮುಗಿದು ಅಂಗಳದ ತುಂಬ ಅಡಿಕೆ ಹರವಿದ್ದ ದಿನಗಳು. ಚಹಾ ಅರ್ಧಕ್ಕೇ ಬಿಟ್ಟು ಹೊರಟೆ.

ನಮ್ಮೂರು ಇರುವುದು ಶಿರಸಿಯಿಂದ ಸಿದ್ದಾಪುರದ ದಿಕ್ಕಿಗೆ. ತೋಟದ ನೆತ್ತಿಯ ಮೇಲೆ ದಟ್ಟ ಕಾಡಿನ ಒಂದು ಬೆಟ್ಟ. ಅರಣ್ಯ ಇಲಾಖೆಯದ್ದಲ್ಲ, ಒಂದು ಸಂಸ್ಥೆಯ ಮಾಲ್ಕಿ ಜಾಗ. ಬೇಸಿಗೆ ರಜೆ ಬಂತೆಂದರೆ ಅಲ್ಲಿ ಮಕ್ಕಳ, ಯುವಕರ ಶಿಬಿರ. ಏಳನೇ ತರಗತಿ ಮುಗಿದ ರಜೆಯಲ್ಲಿ ನಾನೂ ಅಲ್ಲಿ ಹತ್ತು ದಿನ ಇದ್ದೆ. ಹಳ್ಳದಂಚಿನ ಜಡ್ಡಿಯಲ್ಲಿ, ಅಂದರೆ ಜೌಗು ನೆಲದಲ್ಲಿ, ರಾಮಪತ್ರೆ ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಚಿ ಕೂತವರ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ನೀರು ನಿಂತ ನೆಲದಲ್ಲಿ ಮರ ಆ ಬೇರಿನಿಂದಲೇ ಉಸಿರಾಡುತ್ತದೆ ಎಂದು ಮಾಸ್ತರು ತೋರಿಸಿಕೊಟ್ಟಿದ್ದರು. ಮರ ತಬ್ಬಿ ಕಾಡು ಉಳಿಸಿದ ಅಪ್ಪಿಕೋ ಚಳವಳಿಯ ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತನ್ನೂ ನಾನು ಮೊದಲು ಕೇಳಿದ್ದು ಅಲ್ಲೇ.

ಆ ಬೆಟ್ಟದ ಒರತೆಯಿಂದಲೇ ನಮ್ಮ ಕೇರಿಯ ಅಷ್ಟೂ ಮನೆಗೆ ಕಪ್ಪು ಪೈಪಿನಲ್ಲಿ ನೀರು ಇಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಉಳಿದ ನೀರು ತೋಟದ ಹಳ್ಳಕ್ಕೆ, ಹಳ್ಳ ಅಘನಾಶಿನಿ ನದಿಗೆ.

ನಾನು ಹೋಗುವಷ್ಟರಲ್ಲಿ ಹತ್ತು-ಹನ್ನೆರಡು ಜನ ಸೇರಿದ್ದರು. ಎದೆಮಟ್ಟದಲ್ಲಿ ಅಂಗೈಯಗಲ ತೊಗಟೆ ಕೆತ್ತಿ, ಕೆತ್ತಿದಲ್ಲಿ ಕೆಂಪು ಬಣ್ಣದಲ್ಲಿ ನಂಬರು. ಮತ್ತಿ, ಕಿಂದಳ, ನಂದಿ, ಬುಡದಲ್ಲಿ ಇಬ್ಬರು ತಬ್ಬಿದರೂ ಕೈ ಕೂಡದ ಕಾಡುಮಾವು. ನಾಟಾ (ಮಾರುವ ಮರಮಟ್ಟು) ಆಗುವ ಒಂದು ಮರವನ್ನೂ ಬಿಟ್ಟಿರಲಿಲ್ಲ. ಉದುರಿದ ಒಣ ಎಲೆಯ ದರಕಿನ ಮೇಲೆ ಕಾಲೆಳೆಯುತ್ತ ನಡೆದೆವು. ಯಾರೂ ಹೆಚ್ಚು ಮಾತಾಡಲಿಲ್ಲ.

117ನೇ ನಂಬರು ಹೊನ್ನೆ ಮರದ್ದು. ಬೇರೆ ಮರಗಳ ಗಾಯ ಒಣಗಿತ್ತು, ಇದರದ್ದು ಒಣಗಿರಲಿಲ್ಲ. ಕೆತ್ತಿದ ಅಂಚಿನಿಂದ ಕೆಂಪು ರಸ ಜಿನುಗಿ, ಎರಡು ಗೆರೆಯಾಗಿ ಇಳಿದು, ತುದಿಯಲ್ಲಿ ಕಪ್ಪಗೆ ಹೆಪ್ಪುಗಟ್ಟಿತ್ತು. ಬಣ್ಣ ಯಾವುದು, ರಸ ಯಾವುದು ಗೊತ್ತಾಗುತ್ತಿರಲಿಲ್ಲ. ಅತ್ತೆ ಹತ್ತಿರ ಹೋಗಿ ಉಗುರಿನಿಂದ ಹೆಪ್ಪು ಕೆರೆದು ಎಲೆಯ ಮೇಲೆ ಇಟ್ಟುಕೊಂಡರು. ನಮ್ಮಲ್ಲಿ ಬಾಣಂತಿಮನೆಯ ಶಿಶುವಿಗೆ ಹೊನ್ನೆ ರಸದ ಬೊಟ್ಟು ಇಡುತ್ತಾರೆ. ಅವರ ಮೊಮ್ಮಗಳಿಗೆ ಆಗಿನ್ನೂ ಇಪ್ಪತ್ತು ದಿನ. “ನೋಡು ತಮಾ, ಹೊನ್ನೆನೂ ಬಿಟ್ಟಿದ್ವಿಲ್ಲೆ” ಎಂದರು. ದನಿ ನಡುಗುತ್ತಿತ್ತು.

ಅತ್ತೆಯ ತವರು ಸಾಲ್ಕಣಿ ಕಡೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ನಡೆದು, ಗುತ್ತಿಗೆದಾರರ ಕೊಡಲಿಗೆ ಅಡ್ಡವಾಗಿ ಮರ ತಬ್ಬಿ ನಿಂತಾಗ ಅವರು ಲಂಗದ ಹುಡುಗಿ. ಹಿಮಾಲಯದ ಚಿಪ್ಕೋ ಚಳವಳಿಯಿಂದ ಎಚ್ಚೆತ್ತು ಪಾಂಡುರಂಗ ಹೆಗಡೆಯವರೂ ಹಳ್ಳಿಹಳ್ಳಿಯ ಯುವಕರೂ ಕಟ್ಟಿದ ಅಪ್ಪಿಕೋ ಶುರುವಾದದ್ದು ಅಂದೇ. ಆ ದಿನದ ಬಗ್ಗೆ ಕೇಳಿದರೆ ಅತ್ತೆ ಭಾಷಣ ಮಾಡುವುದಿಲ್ಲ. ತಬ್ಬಿದ ಮರದಲ್ಲಿ ಚಗಳಿ ಇರುವೆ ಇತ್ತು, ಕುತ್ತಿಗೆಯೆಲ್ಲ ಕಚ್ಚಿತು, ಆದರೂ ಕೈ ಬಿಡಲಿಲ್ಲ, ಅಷ್ಟೇ ಹೇಳುತ್ತಾರೆ.

ಮಧ್ಯಾಹ್ನ ಸಂಸ್ಥೆಯ ಇಬ್ಬರು ಹಿರಿಯರು ಬಂದರು. ಶಿಬಿರದ ಚಪ್ಪರದಲ್ಲೇ ಸಭೆ; ಅವಲಕ್ಕಿ, ಕಷಾಯ ನಮ್ಮ ಮನೆಯಿಂದ ಹೋಯಿತು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಮಕ್ಕಳು ಮಲಗುವ ಕಟ್ಟಡದ ಮಾಡು ಸೋರುತ್ತಿದೆ, ಶೌಚಾಲಯ ಹೊಸದಾಗಿ ಕಟ್ಟಬೇಕು, ದೇಣಿಗೆ ಬರುತ್ತಿಲ್ಲ. ನಾಟಾ ವ್ಯಾಪಾರಿಯಿಂದ ಅಂದಾಜು ಮಾಡಿಸಿದ್ದಾರೆ, ಆಡಳಿತ ಮಂಡಳಿ ಒಪ್ಪಿದರೆ ಇಲಾಖೆಗೆ ಅರ್ಜಿ. ಮಾಲ್ಕಿ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಬೇಕೇ ಬೇಕು. “ಎಲ್ಲ ಕಾನೂನಿನ ಪ್ರಕಾರವೇ ಮಾಡ್ತೇವೆ. ಅಪ್ಪಿಕೋದವರೂ ‘ಬಳಸು’ ಅಂತ ಹೇಳಿದ್ದಾರಲ್ಲ?” ಎಂದು ಒಬ್ಬರು ಕೇಳಿದರು.

ಆ ಮಾತು ನನಗೆ ನಾಟಿತು. ಬಳಸುವವರು ನಾವೂ ಹೌದು. ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು ತರುತ್ತೇವೆ, ದರಕು ಗುಡಿಸುತ್ತೇವೆ, ಒಣಗಿ ಬಿದ್ದ ಕಟ್ಟಿಗೆ ಒಲೆಗೆ. ಆದರೆ ಸೊಪ್ಪು ಕಡಿದ ಮರ ಮರುವರ್ಷ ಚಿಗುರುತ್ತದೆ. ಕಾಡುಮಾವೊಂದು ಉರುಳಿದರೆ ಬಳ್ಳಿಗೆ ಸಿಕ್ಕ ನಾಲ್ಕು ಮರ ಅದರ ಜೊತೆಗೇ ಹೋಗುತ್ತವೆ, ಕೆಳಗಿನ ಸಸಿಗಳು ಅಪ್ಪಚ್ಚಿ. ನಾಟಾ ಎಳೆಯಲು ಗುಡ್ಡ ಸೀಳಿ ದಾರಿ ಮಾಡುತ್ತಾರೆ, ಮೊದಲ ಮಳೆಗೆ ಆ ದಾರಿಯೇ ಹಳ್ಳ. ಬಿಸಿಲು ನೆಲಕ್ಕೆ ಬಿದ್ದಲ್ಲಿ ಯುಪಟೋರಿಯಂ ಕಳೆ. ಅಷ್ಟಾದ ಮೇಲೆ ಒರತೆ ಮಾರ್ಚ್ ತಿಂಗಳು ಕಾಣುತ್ತದೆಯೇ? ‘ಉಳಿಸು’ ಮೊದಲು ಬಂದದ್ದು ಪ್ರಾಸಕ್ಕಲ್ಲ ಎಂದು ನಾನು ನಂಬಿದ್ದೇನೆ. ಇದನ್ನೆಲ್ಲ ಅಲ್ಲಿ ಹೇಳಿದೆ, ಇಷ್ಟು ಸರಿಯಾಗಿ ಅಲ್ಲದಿದ್ದರೂ.

ಭಾವ ಕಳಚೆಯ ಮಾತು ತೆಗೆದ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಆ ಊರಲ್ಲಿ ಗುಡ್ಡವೇ ಜಾರಿ ತೋಟಗಳು ಹೋದದ್ದು ಇಲ್ಲಿ ಯಾರೂ ಮರೆತಿಲ್ಲ. ನಮ್ಮ ಬೆಟ್ಟವೂ ಕಡಿದಾದದ್ದೇ. ಸಂಸ್ಥೆಯ ಹಿರಿಯರು ತಲೆತಗ್ಗಿಸಿ ಕೇಳುತ್ತಿದ್ದರು.

ಕಡೆಗೆ ಎದ್ದವರು ಅತ್ತೆ. “ಮಾಡು ರಿಪೇರಿಗೆ ದುಡ್ಡು ಬೇಕು, ಖರೆ. ನಮ್ಮನೆ ಮಾಡಿಗೂ ಬೇಕು. ಹಂಗೇಳಿ ಬಾವಿ ಮಾರ್ತ್ವಾ?”

ಚಪ್ಪರದಲ್ಲಿ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ.

ದಾರಿ ತೋರಿಸಿದ್ದು ಊರಿನ ಹುಡುಗರು. ಗೇಟಿನಿಂದ ಮೈದಾನದವರೆಗೆ ಹಿಂದೆ ನೆಟ್ಟ ಅಕೇಶಿಯಾ ಸಾಲುಗಳಿವೆ. ಅದರಡಿ ಹುಲ್ಲು ಕೂಡ ಸರಿಯಾಗಿ ಹುಟ್ಟುವುದಿಲ್ಲ. ಅದನ್ನು ಕಡಿದು ಮಾರಲಿ, ಆ ಜಾಗದಲ್ಲಿ ಮತ್ತಿ, ಹೊನ್ನೆ, ಮುರುಗಲು ನೆಡುವ ಕೆಲಸ ನಮ್ಮದು. ಮಾಡಿನ ಕೆಲಸಕ್ಕೂ ಮನೆಗೊಂದಾಳು ಬರುತ್ತೇವೆ ಎಂದರು. ಹಿರಿಯರಿಬ್ಬರೂ ಒಪ್ಪಿದೆವು ಎನ್ನಲಿಲ್ಲ. ಮಂಡಳಿಯ ಮುಂದೆ ಇಡುತ್ತೇವೆ, ಅಲ್ಲಿಯವರೆಗೆ ಅರ್ಜಿ ಹಾಕುವುದಿಲ್ಲ ಎಂದು ಬರೆದುಕೊಟ್ಟರು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು.

ಸಂಜೆ ಹುಡುಗರ ಜೊತೆ ಟೇಪು ಹಿಡಿದು ಅಕೇಶಿಯಾ ಸುತ್ತಳತೆ ಅಳೆಯಲು ನಿಂತೆ. ಒಬ್ಬ ಅಳೆಯುವುದು, ಒಬ್ಬ ಕೂಗುವುದು, ನಾನು ಬರೆದುಕೊಳ್ಳುವುದು. ಕತ್ತಲಾದ ಮೇಲೂ ಮೊಬೈಲ್ ಬೆಳಕಿನಲ್ಲಿ ಎರಡು ಸಾಲು ಮುಗಿಸಿದೆವು. ಇಳಿಯುವಾಗ ಅತ್ತೆಯ ಮನೆಯಲ್ಲಿ ದೀಪ ಉರಿಯುತ್ತಿತ್ತು; ಮೊಮ್ಮಗಳ ಹಣೆಯ ಮೇಲೆ ಕರಿ ಬೊಟ್ಟು.

ಬರುವ ಭಾನುವಾರ ಮಂಡಳಿಯ ಸಭೆ. ಅಳತೆಯ ಹಾಳೆ ಹಿಡಿದು ನಾನೂ ಭಾವನೂ ಹೋಗುತ್ತಿದ್ದೇವೆ. ಅತ್ತೆಯೂ ಬರುತ್ತೇನೆ ಎಂದಿದ್ದಾರೆ.