ಮಿಕ್ಸಿ ಓಡುವಾಗ ಮಾತು ಕೇಳಿಸಬೇಕು

ಅಕ್ಕನ ಮಗಳು ಮೈಸೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ರಜೆಯಲ್ಲಿ ಮಂಗಳೂರು ಕಾವೂರಿನ ನಮ್ಮ ಮನೆಗೆ ಬಂದವಳು ಊಟದ ನಡುವೆ ಪೈಲಟ್‌ಗಳು ಹಾಕುವ ಹೆಡ್‌ಸೆಟ್ಟಿನ ಬೆಲೆ ಹೇಳಿದಳು. ಮೂವತ್ತು ಸಾವಿರದ ಮೇಲೆ! "ಮಾವ, ನೀವು ರೇಡಿಯೋ ರಿಪೇರಿಯವರಲ್ವಾ? ಇದೊಂದು ಮಾಡ್ಲಿಕ್ಕೆ ಆಗುದಿಲ್ವಾ?" ಅಷ್ಟು ಕೇಳಿದ ಮೇಲೆ ಸುಮ್ನೆ ಕೂರಲು ಆಗುತ್ತದಾ?

ಕಿವಿಯ ಭಾಗ ಸುಲಭ. ಸದ್ದು ತಡೆಯಲು ಕಾರ್ಖಾನೆಯವರು ಹಾಕುವ ಇಯರ್‌ಮಫ್ ತಂದು, ಹಳೆ ಹೆಡ್‌ಫೋನಿನ 32 ಓಮ್ ಸ್ಪೀಕರ್‌ಗಳನ್ನು ಒಳಗೆ ಕೂರಿಸಿದೆ. ಓಮ್ ಅಂದರೆ ಕರೆಂಟಿಗೆ ಇರುವ ಅಡ್ಡಿಯ ಅಳತೆ; ವಿಮಾನದ ರೇಡಿಯೋಗೆ 150ರಿಂದ 600 ಓಮ್ ಬೇಕು. ಹಾಗಾಗಿ ಎರಡನ್ನೂ ಹೊಂದಿಸಲು ಹಾಳಾದ ಟ್ರಾನ್ಸಿಸ್ಟರ್ ರೇಡಿಯೋದ ಪುಟ್ಟ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನಡುವೆ ಹಾಕಿದೆ. ಅದನ್ನು ಗುಜರಿಗೆ ಕೊಡಿ ಎಂದು ಹೆಂಡತಿ ಎಷ್ಟು ವರ್ಷದಿಂದ ಹೇಳುತ್ತಿದ್ದಳೋ.

ತಲೆ ತಿಂದದ್ದು ಮೈಕು. ಹಿಂದೆ ವಿಮಾನಗಳಲ್ಲಿದ್ದದ್ದು ಇಂಗಾಲದ ಕಾಳು ತುಂಬಿದ ಕಾರ್ಬನ್ ಮೈಕ್. ಅದಕ್ಕೆ ಕರೆಂಟನ್ನು ರೇಡಿಯೋವೇ ಕೊಡುತ್ತಿತ್ತು. ಮೈಕ್ ಹೋಯಿತು, ಪದ್ಧತಿ ಉಳಿಯಿತು. ಈಗಲೂ ಮೈಕಿನ ತಂತಿಯಲ್ಲಿ 8ರಿಂದ 16 ವೋಲ್ಟ್ ಇರುತ್ತದೆ, ರೇಡಿಯೋ ಜೋರು ಸಿಗ್ನಲ್ಲನ್ನೇ ನಿರೀಕ್ಷಿಸುತ್ತದೆ. ನಾನು ತೆಗೆದುಕೊಂಡ ಕಾಲ್ ಸೆಂಟರ್ ಹೆಡ್‌ಸೆಟ್ಟಿನ ಪುಟ್ಟ ಎಲೆಕ್ಟ್ರೆಟ್ ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಒಂದು BC547 ಟ್ರಾನ್ಸಿಸ್ಟರ್ ಹಾಕಿ, ಅದೇ ತಂತಿಯ ಕರೆಂಟಿನಲ್ಲಿ ಓಡುವ ಸಣ್ಣ ಆಂಪ್ಲಿಫೈಯರ್ ಮಾಡಿದೆ. ಮೈಕಿನ ಪ್ಲಗ್ ಬೇರೆಯೇ ಅಳತೆ, ಸುಮಾರು 5.2 ಮಿಲಿಮೀಟರ್ ದಪ್ಪ. ಹಂಪನಕಟ್ಟೆಯಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ.

ಪರೀಕ್ಷೆಗೆ ವಿಮಾನ ಎಲ್ಲಿಂದ ತರಲಿ? ರೇಡಿಯೋದ ಬದಲು ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಮತ್ತು 470 ಓಮ್ ರೆಸಿಸ್ಟರ್, ರೆಕಾರ್ಡಿಂಗಿಗೆ ಮೊಬೈಲ್. ಇಂಜಿನ್ನಿನ ಬದಲು ಅಡುಗೆಮನೆಯ ಮಿಕ್ಸಿ, ಒಳಗೆ ಕಾಯಿತುರಿ. ಮೊದಲ ಸಲ ಬರೀ ಮಿಕ್ಸಿಯೇ ಕೇಳಿಸಿತು. ತಪ್ಪು ನನ್ನದೇ. ನಮ್ಮ ಮಳೆಗಾಲದ ತೇವ ಒಳಗೆ ಹೋಗದಿರಲಿ ಎಂದು ಮೈಕಿನ ಹಿಂದಿನ ತೂತಿಗೆ ಗ್ಲೂಗನ್‌ನಿಂದ ಅಂಟು ಹಾಕಿದ್ದೆ. ಕೆಲಸ ಮಾಡುವುದೇ ಆ ತೂತು! ದೂರದ ಸದ್ದು ಹಿಂದು ಮುಂದು ಎರಡೂ ಕಡೆಯಿಂದ ಸಮವಾಗಿ ಬಂದು ತನ್ನನ್ನೇ ಹೊಡೆದುಹಾಕಿಕೊಳ್ಳುತ್ತದೆ. ತುಟಿಗೆ ತಾಗುವಷ್ಟು ಹತ್ತಿರದ ಮಾತು ಮಾತ್ರ ಮುಂದಿನಿಂದ ಜಾಸ್ತಿ ಬೀಳುತ್ತದೆ. ಸೂಜಿಯಿಂದ ಅಂಟು ಕೆದಕಿ ತೆಗೆದೆ. ಎರಡನೇ ಸಲ ಮಾತು ಸ್ಪಷ್ಟವಾಗಿತ್ತು. ಹೆಂಡತಿಯದ್ದೂ ಹಿಂದೆ ಸಣ್ಣಗೆ ಕೇಳಿಸಿತು: "ಕಾಯಿ ನುಣ್ಣಗಾಯ್ತು, ನಿಲ್ಲಿಸ್ಲಾ?"

ಒಟ್ಟು ಖರ್ಚು 2,700 ರೂಪಾಯಿ. ಮೊದಲು ನೆಲದ ಮೇಲೆಯೇ ನೋಡಬೇಕು, ಹಾರುವಾಗ ಕಂಪನಿಯ ಹೆಡ್‌ಸೆಟ್ಟೇ ಇರಬೇಕು ಎಂದು ಅವಳಿಂದ ಮಾತು ತೆಗೆದುಕೊಂಡು ಕೊಟ್ಟೆ. ನಿನ್ನೆ ಮೆಸೇಜ್ ಬಂತು: "ಇಂಜಿನ್ ಆನ್ ಮಾಡಿ ನೋಡಿದೆ ಮಾವ. ಚೆಂದ ಕೇಳ್ತದೆ. ಎಡದ ಕಿವಿ ಮಾತ್ರ ಕಚ್ತದೆ."