ಸುಮ್ಮನಿರುವಂತೆ ಕಾಣುವ ಜೀವಕೋಶ

ಈರುಳ್ಳಿ ಬೇರಿನ ತುದಿಯನ್ನು ಮೊದಲ ಬಾರಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ದಿನ ನನಗೆ ನಿರಾಸೆಯೇ ಆಗಿತ್ತು. ತುದಿಯ ಒಂದೆರಡು ಮಿಲಿಮೀಟರನ್ನು ಕತ್ತರಿಸಿ, ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ಪಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸಿದ್ಧಪಡಿಸಿದ ಆ ಸ್ಲೈಡಿನಲ್ಲಿ, ಪಠ್ಯಪುಸ್ತಕದ ಕೋಶವಿಭಜನೆಯ ಚಿತ್ರದಂತೆ ವರ್ಣತಂತುಗಳು, ಅಂದರೆ ಡಿಎನ್‌ಎ ಹೊತ್ತ ಎಳೆಗಳು, ಸಾಲುಗಟ್ಟಿ ನಿಂತಿದ್ದ ಕೋಶಗಳು ಬೆರಳೆಣಿಕೆಯಷ್ಟಿದ್ದವು. ಉಳಿದವೆಲ್ಲ ನಡುವೆ ಒಂದು ಕೆಂಪು ಬೊಟ್ಟಿಟ್ಟುಕೊಂಡು ಸುಮ್ಮನೆ ಕುಳಿತಂತಿದ್ದವು. ಅವು ವಿಶ್ರಾಂತಿಯಲ್ಲಿವೆ ಎಂದು ನಾನು ದಾಖಲೆ ಪುಸ್ತಕದಲ್ಲಿ ಬರೆದೆ.

ಈ ತಪ್ಪು ನನ್ನೊಬ್ಬನದಲ್ಲ. ಸಾಲಮಾಂಡರ್ ಎಂಬ ಉಭಯಚರದ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ನೋಡಿದ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೋಶ ವಿಭಜಿಸುವಾಗಿನ ಈ ಎಳೆಗಳ ಚಲನೆಯನ್ನು ವಿವರವಾಗಿ ಚಿತ್ರಿಸಿದರು. ದಾರ ಎಂಬರ್ಥದ ಗ್ರೀಕ್ ಪದದಿಂದ ಈ ವಿಭಜನೆಗೆ ಮೈಟಾಸಿಸ್ ಎಂಬ ಹೆಸರನ್ನೂ ಕೊಟ್ಟರು. ಎಳೆಗಳು ಕಾಣದ ಅವಧಿಯನ್ನು ಮಾತ್ರ ಬಹುಕಾಲ ವಿಶ್ರಾಂತಿಯ ಹಂತವೆಂದೇ ಕರೆಯಲಾಯಿತು. 1953ರಲ್ಲಿ ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಅವರು ಒಂದು ಜಾತಿಯ ಅವರೆಯ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಡಿಎನ್‌ಎ ನಕಲಾಗುವುದು ವಿಭಜನೆಯ ಹೊತ್ತಿನಲ್ಲಲ್ಲ, ಅದಕ್ಕೆ ಸಾಕಷ್ಟು ಮೊದಲು, ಒಂದು ನಿರ್ದಿಷ್ಟ ಅವಧಿಯಲ್ಲಿ ಎಂದು ತೋರಿಸಿದರು. ಆ ಅವಧಿ ಎಸ್ ಹಂತವಾಯಿತು. ಅದಕ್ಕೆ ಮೊದಲಿನ ತೆರಪು ಜಿ1, ನಂತರದ್ದು ಜಿ2 ಆಯಿತು; ತೆರಪು ಎಂಬರ್ಥದ ಇಂಗ್ಲಿಷಿನ ಗ್ಯಾಪ್ ಪದದ ಜಿ ಅದು. ತೆರಪು ಎಂಬ ಹೆಸರೇ ಅನ್ಯಾಯವೆಂದು ನನಗೆ ಅನಿಸುತ್ತದೆ, ಏಕೆಂದರೆ ಕೋಶ ಬೆಳೆಯುವುದು, ವಿಭಜಿಸಬೇಕೋ ಬೇಡವೋ ಎಂದು ನಿರ್ಧಾರವಾಗುವುದು ಬಹುಮಟ್ಟಿಗೆ ಜಿ1ರಲ್ಲಿಯೇ. ಪ್ರೌಢ ನರಕೋಶಗಳಂತಹವು ಇಲ್ಲಿಂದಲೇ ಈ ಹಂತಗಳ ಚಕ್ರದ ಹೊರಗೆ, ಜಿ0 ಎಂಬ ಸ್ಥಿತಿಗೆ ಸರಿದುಬಿಡುತ್ತವೆ. ಯಕೃತ್ತಿನ ಕೋಶಗಳು ಅದೇ ಸ್ಥಿತಿಯಲ್ಲಿದ್ದರೂ ಪೆಟ್ಟು ಬಿದ್ದಾಗ ಮರಳಿ ಬರಬಲ್ಲವು.

ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕೆಂದರೆ, ಅದರಲ್ಲಿ ಮೈಟಾಸಿಸ್ ತೆಗೆದುಕೊಳ್ಳುವುದು ಒಂದು ಗಂಟೆಯಷ್ಟು. ಎಸ್ ಹಂತಕ್ಕೇ ಎಂಟು ಗಂಟೆ ಬೇಕು. ಡಿಎನ್‌ಎಯ ಅಕ್ಷರಗಳಂತಿರುವ 600 ಕೋಟಿಗೂ ಹೆಚ್ಚು ಬೇಸ್ ಜೋಡಿಗಳ ನಕಲು ಸಾವಿರಾರು ಕಡೆಗಳಲ್ಲಿ ಆರಂಭವಾಗುವುದರಿಂದ ಅಷ್ಟರಲ್ಲಿ ಮುಗಿಯುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿ: ನಕಲಾದ ಮೇಲೂ ವರ್ಣತಂತುಗಳ ಸಂಖ್ಯೆ 46 ಎಂದೇ ಲೆಕ್ಕ, ಏಕೆಂದರೆ ಪ್ರತಿಯೊಂದರ ಎರಡು ಪ್ರತಿಗಳೂ ಕೊಹೆಸಿನ್ ಎಂಬ ಪ್ರೋಟೀನಿನ ಬಳೆಗಳಿಂದ ಒಟ್ಟಿಗೆ ಬಿಗಿದುಕೊಂಡಿರುತ್ತವೆ. ಜಿ2ರಲ್ಲಿ ನಕಲಿನ ಲೋಪಗಳ ತಪಾಸಣೆ, ದುರಸ್ತಿ.

ಆಮೇಲಿನದು, ಅಂದರೆ ಮೈಟಾಸಿಸ್, ಎಲ್ಲರಿಗೂ ಪರಿಚಿತ ದೃಶ್ಯ. ಪ್ರೊಫೇಸ್‌ನಲ್ಲಿ ವರ್ಣತಂತುಗಳು ಸುತ್ತಿಕೊಂಡು ದಪ್ಪವಾಗುತ್ತವೆ, ಕೋಶಕೇಂದ್ರದ ಪೊರೆ ಕರಗುತ್ತದೆ, ಕೋಶದ ಎರಡು ಧ್ರುವಗಳಿಂದ ಬಂದ ಸ್ಪಿಂಡಲ್ ಎಂಬ ಪ್ರೋಟೀನ್ ಎಳೆಗಳು ಅವುಗಳನ್ನು ಹಿಡಿಯುತ್ತವೆ. ಮೆಟಾಫೇಸ್‌ನಲ್ಲಿ ಅವು ನಡುಗೆರೆಯ ಮೇಲೆ ನಿಲ್ಲುತ್ತವೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಂದೇ ಒಂದು ವರ್ಣತಂತುವಿಗೆ ಎಳೆ ಸರಿಯಾಗಿ ತಗುಲದಿದ್ದರೂ, ಆ ಒಂದರಿಂದ ಹೊರಡುವ ಸೂಚನೆ ಇಡೀ ಕೋಶವನ್ನು ತಡೆದು ನಿಲ್ಲಿಸುತ್ತದೆ. ಎಲ್ಲವೂ ಸಿದ್ಧವಾದಾಗ ಮಾತ್ರ ಸೆಪರೇಸ್ ಎಂಬ ಕಿಣ್ವ ಬಿಡುಗಡೆಯಾಗಿ ಕೊಹೆಸಿನ್ ಬಳೆಗಳನ್ನು ಕತ್ತರಿಸುತ್ತದೆ, ಪ್ರತಿಗಳು ಒಮ್ಮೆಲೇ ಬೇರ್ಪಟ್ಟು ಎರಡು ದಿಕ್ಕಿಗೆ ಸರಿಯುತ್ತವೆ, ಅದೇ ಅನಾಫೇಸ್. ಟೆಲೊಫೇಸ್‌ನಲ್ಲಿ ಪೊರೆ ಮತ್ತೆ ಮೂಡುತ್ತದೆ. ಕೊನೆಗೆ ಪ್ರಾಣಿಕೋಶ ನಡು ಹಿಂಡಿದಂತೆ ಎರಡಾದರೆ, ಗಟ್ಟಿ ಭಿತ್ತಿಯ ಸಸ್ಯಕೋಶ ಒಳಗಿನಿಂದ ಹೊರಕ್ಕೆ ಗೋಡೆ ಕಟ್ಟಿಕೊಳ್ಳುತ್ತದೆ.

ಈ ಹಂತಗಳಿಗೆ ಅಪ್ಪಣೆ ಕೊಡುವವರು ಯಾರು? 1970ರಲ್ಲಿ ಪೋಟು ರಾವ್ ಮತ್ತು ರಾಬರ್ಟ್ ಜಾನ್ಸನ್ ಅವರು ಎಸ್ ಹಂತದ ಕೋಶವನ್ನು ಜಿ1ರ ಕೋಶದೊಡನೆ ಬೆಸೆದಾಗ, ಜಿ1ರ ಕೋಶಕೇಂದ್ರವೂ ಅವಧಿಗೆ ಮುನ್ನವೇ ಡಿಎನ್‌ಎ ನಕಲಿಗೆ ತೊಡಗಿತು. ಅಪ್ಪಣೆ ಕೋಶದ್ರವದಲ್ಲಿ ತೇಲುತ್ತಿತ್ತೆಂದಾಯಿತು. ಮುಂದೆ ಕಡಲಚಿಳ್ಳೆ (ಸೀ ಅರ್ಚಿನ್) ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳಲ್ಲಿ ಟಿಮ್ ಹಂಟ್ ಗುರುತಿಸಿದ, ಪ್ರತಿ ಸುತ್ತಿನಲ್ಲೂ ಏರಿ ಇಳಿಯುವ ಸೈಕ್ಲಿನ್ ಪ್ರೋಟೀನುಗಳು ಈ ಆಡಳಿತದ ಮುಖ್ಯ ಕೊಂಡಿಯೆಂದು ತಿಳಿಯಿತು. ಹಂಟ್, ಪಾಲ್ ನರ್ಸ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ ಅವರಿಗೆ 2001ರ ನೊಬೆಲ್ ದೊರೆಯಿತು.

ಈಗ ಅಂಥ ಸ್ಲೈಡ್ ಸಿಕ್ಕರೆ ನಾನು ಮೊದಲು ಎಣಿಸುವುದು ಆ ಕೆಂಪು ಬೊಟ್ಟಿನ ಕೋಶಗಳನ್ನು. ಒಂದು ಸುತ್ತಿಗೆ 20 ಗಂಟೆ ಹಿಡಿಯುವ ಬೇರಿನಲ್ಲಿ, ನೂರು ಕೋಶಗಳ ಪೈಕಿ ಹತ್ತು ಮಾತ್ರ ವಿಭಜಿಸುತ್ತಿದ್ದರೆ, ವಿಭಜನೆಗೆ ಸ್ಥೂಲವಾಗಿ ಎರಡು ಗಂಟೆ. ಉಳಿದ ತೊಂಬತ್ತು, ನಾನು ವಿಶ್ರಾಂತಿಯೆಂದು ಬರೆದಿಟ್ಟ ಹದಿನೆಂಟು ಗಂಟೆಗಳ ಕೆಲಸ.